ಮುರಕಲ್ಲಿನ ಪದವಿನಲ್ಲಿ ಆರ್‌ಸಿ ಟ್ರಕ್ಕು ಮಗುಚುವುದು ಯಾಕೆ?

ಪ್ರಶ್ನೆ: ಸರ್, ನಮ್ಮದು ಕಾಸರಗೋಡು ಜಿಲ್ಲೆ, ಬದಿಯಡ್ಕದ ಹತ್ತಿರ. ನನ್ನ ಹತ್ತಿರ 1/10 ಅಳತೆಯ ಶಾರ್ಟ್ ಕೋರ್ಸ್ ಟ್ರಕ್ ಇದೆ, ಅಂದರೆ ರಿಮೋಟಿನಿಂದ ಓಡಿಸುವ, ರೇಸ್ ಟ್ರಕ್ಕಿನ ಹತ್ತನೇ ಒಂದು ಅಳತೆಯ ಗಾಡಿ. ಟೂ ವೀಲ್ ಡ್ರೈವ್, ಬ್ರಶ್‌ಲೆಸ್ ಮೋಟಾರು, 3ಎಸ್ (ಮೂರು ಸೆಲ್ಲಿನ) ಲಿಪೋ ಬ್ಯಾಟರಿ. ಭಾನುವಾರ ಮೂರ್ನಾಲ್ಕು ಮಂದಿ ಸೇರಿ ಮನೆ ಹಿಂದಿನ ಪದವಿನಲ್ಲಿ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲಿನಲ್ಲಿ, ರೇಸ್ ಮಾಡುತ್ತೇವೆ. ನನ್ನ ಟ್ರಕ್ಕು ತಿರುವಿನಲ್ಲಿ ಮಗುಚುತ್ತದೆ. ಮಗುಚದಿದ್ದರೆ ಹಿಂಭಾಗ ಜಾರಿ ಗರ್ರನೆ ತಿರುಗುತ್ತದೆ. ಹಲಗೆ ಇಟ್ಟು ಹಾರಿಸಿದರೆ ಮೂಗು ಕೆಳಗಾಗಿ ಬೀಳುತ್ತದೆ. ಗೆಳೆಯ ಹೇಳಿದ ಅಂತ ನಾಲ್ಕೂ ಕಡೆ ಗಟ್ಟಿ ಸ್ಪ್ರಿಂಗ್ ಹಾಕಿದೆ, ಇನ್ನೂ ಹದಗೆಟ್ಟಿತು. ಅಲ್ಯೂಮಿನಿಯಂ ಶಾಕ್ ಟವರ್ (ಶಾಕ್ ಅಬ್ಸಾರ್ಬರಿನ ಮೇಲಿನ ತುದಿ ಕೂರುವ ಪಟ್ಟಿ) ಹಾಕಿದ್ದೇನೆ, ಮೇಲೆ ಎಲ್‌ಇಡಿ ಲೈಟ್ ಬಾರ್ ಇದೆ. ಇನ್ನು ಯಾವ ಪಾರ್ಟ್ ತರಿಸಬೇಕು?

ಉತ್ತರ: ಸದ್ಯಕ್ಕೆ ಏನೂ ತರಿಸಬೇಡಿ. ಇರುವುದರಲ್ಲಿ ಎರಡು ಸಾಮಾನು ಕಳಚಬೇಕಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಹೇಳಿದ್ದು ಮೂರು ತೊಂದರೆ. ಮೂರನ್ನೂ ಒಂದೇ ಕಾಯಿಲೆ ಅಂದುಕೊಂಡು ಒಂದೇ ಮದ್ದು ಕೊಟ್ಟಿದ್ದೀರಿ, ಗಟ್ಟಿ ಸ್ಪ್ರಿಂಗ್. ಆದರೆ ಟ್ರಕ್ಕು ಮಗುಚುವುದು ಟೈರಿಗೆ ಹಿಡಿತ ಜಾಸ್ತಿಯಾದಾಗ. ಹಿಂಭಾಗ ತಿರುಗುವುದು ಹಿಂದಿನ ಟೈರಿಗೆ ಹಿಡಿತ ಸಾಲದಾದಾಗ. ಒಂದಕ್ಕೆ ಮಾಡಿದ ಉಪಚಾರ ಇನ್ನೊಂದಕ್ಕೆ ವಿಷ ಆಗಬಹುದು. ನಿಮ್ಮಲ್ಲಿ ಆಗಿದ್ದೂ ಅದೇ.

ಮೊದಲು ನೆಲದ ವಿಷಯ. ಯೂಟ್ಯೂಬಿನಲ್ಲಿ ಸಿಗುವ ಸೆಟಪ್‌ಗಳು ಹೆಚ್ಚಿನವು ಅಮೆರಿಕದ ಜೇಡಿಮಣ್ಣಿನ ಟ್ರ್ಯಾಕಿಗೋ ಯುರೋಪಿನ ಕಾರ್ಪೆಟ್ ಟ್ರ್ಯಾಕಿಗೋ ಮಾಡಿದವು. ಅಲ್ಲಿ ಸುತ್ತಿನಿಂದ ಸುತ್ತಿಗೆ ಹಿಡಿತ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ನಮ್ಮ ಪದವು ಹಾಗಲ್ಲ. ಮುರಕಲ್ಲು ತೂತು ತೂತು, ತುರಿಮಣೆಯ ಹಾಗೆ. ಬರಿ ಕಲ್ಲಿನ ಮೇಲೆ ರಬ್ಬರು ಚೆನ್ನಾಗಿ ಕಚ್ಚುತ್ತದೆ. ಎರಡು ಮಾರು ಮುಂದೆ ಅದೇ ಕಲ್ಲಿನ ಮೇಲೆ ಕೆಂಪು ಹರಳು ಚೆಲ್ಲಿರುತ್ತದೆ. ಅಲ್ಲಿ ಹಿಡಿತವೇ ಇಲ್ಲ. ಟ್ರಕ್ಕು ಹರಳಿನ ಮೇಲೆ ಅಡ್ಡಡ್ಡ ಜಾರುತ್ತಾ ಬಂದು ಬರಿ ಕಲ್ಲು ಮುಟ್ಟಿದ ಕ್ಷಣ ಟೈರು ಗಕ್ಕನೆ ಕಚ್ಚುತ್ತದೆ. ಟೈರು ನಿಂತಿತು, ಮೇಲಿನ ಭಾರ ನಿಲ್ಲಲಿಲ್ಲ. ಮಗುಚಿತು. ಮುಂದಿನ ಸಲ ಮಗುಚಿದ ಜಾಗಕ್ಕೆ ನಡೆದುಹೋಗಿ ನೆಲ ನೋಡಿ. ಹರಳು ಮುಗಿದು ಕಲ್ಲು ಶುರುವಾಗುವ ಗೆರೆಯ ಹತ್ತಿರವೇ ಬಿದ್ದಿರುತ್ತದೆ, ಹೆಚ್ಚಿನ ಸಲ. ತಿರುವುಗಳ ಜಾಗವನ್ನು ಕಡ್ಡಿ ಹಿಡಿಯಿಂದ ಒಮ್ಮೆ ಗುಡಿಸಿದರೆ ಅರ್ಧ ತೊಂದರೆ ಅಲ್ಲಿಗೇ ಕಡಿಮೆ. ಇದು ತಮಾಷೆಗೆ ಹೇಳಿದ್ದಲ್ಲ.

ಇನ್ನು ಎತ್ತರದ ಲೆಕ್ಕ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಎಳೆಯುವ ಬಲ ಕೆಲಸ ಮಾಡುವುದು ಗಾಡಿಯ ಭಾರಕೇಂದ್ರದಲ್ಲಿ. ತಡೆಯುವುದು ಹೊರಗಿನ ಎರಡು ಟೈರು, ಅದೂ ನೆಲದಲ್ಲಿ. ಭಾರಕೇಂದ್ರ ಎಷ್ಟು ಮೇಲಿದೆಯೋ ಮಗುಚುವುದು ಅಷ್ಟು ಸುಲಭ. ಟೈರುಗಳ ನಡುವಿನ ಅಗಲ ಎಷ್ಟಿದೆಯೋ ಅಷ್ಟು ಕಷ್ಟ. ಇದನ್ನು ಮನೆಯಲ್ಲೇ ಅಳೆಯಬಹುದು. ಕಾಸಿನ ಖರ್ಚಿಲ್ಲ.

ಒಂದು ಅಗಲದ ಹಲಗೆ ತೆಗೆದುಕೊಳ್ಳಿ. ಬ್ಯಾಟರಿ, ಬಾಡಿ ಎಲ್ಲ ಹಾಕಿ ಓಡಿಸಲು ತಯಾರಾದ ಟ್ರಕ್ಕನ್ನು ಅದರ ಮೇಲೆ ಅಡ್ಡಕ್ಕೆ ನಿಲ್ಲಿಸಿ. ಕೆಳಗೆ ಬರುವ ಎರಡು ಚಕ್ರ ಜಾರದ ಹಾಗೆ 3 ಮಿ.ಮೀ. ದಪ್ಪದ ಸಣ್ಣ ಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಿ. ಪಟ್ಟಿ ದಪ್ಪ ಆಗಬಾರದು, ದಪ್ಪ ಆದರೆ ಅದೇ ಎಡವಿಸುತ್ತದೆ. ಮೊಬೈಲಿನಲ್ಲಿ ಕೋನ ತೋರಿಸುವ ಲೆವೆಲ್ ಆ್ಯಪ್ ಹಾಕಿ ಹಲಗೆಗೆ ಒರಗಿಸಿ ಹಿಡಿಯಿರಿ. ಈಗ ಹಲಗೆಯ ಒಂದು ಅಂಚನ್ನು ನಿಧಾನಕ್ಕೆ ಎತ್ತುತ್ತಾ ಹೋಗಿ. ಟ್ರಕ್ಕು ಸ್ಪ್ರಿಂಗಿನ ಮೇಲೆ ಕೆಳಕ್ಕೆ ವಾಲುತ್ತದೆ, ಮೇಲಿನ ಒಂದು ಚಕ್ರ ಹಗುರಾಗುತ್ತದೆ, ಆಮೇಲೆ ಎರಡೂ ಚಕ್ರ ಹಲಗೆ ಬಿಡುತ್ತವೆ. ಆ ಕ್ಷಣದ ಕೋನ ಬರೆದಿಟ್ಟುಕೊಳ್ಳಿ. ಕೆಳಗೆ ಒಬ್ಬರು ಕೈ ಅಡ್ಡ ಹಿಡಿದಿರಲಿ.

45 ಡಿಗ್ರಿಯಲ್ಲೇ ಎದ್ದರೆ ಅರ್ಥ ಇಷ್ಟು: ಗಾಡಿಯ ತೂಕದಷ್ಟೇ ಬಲ ಅಡ್ಡಕ್ಕೆ ಬಿದ್ದರೂ ಅದು ಮಗುಚುತ್ತದೆ. 55 ಡಿಗ್ರಿಯವರೆಗೆ ತಡೆದರೆ ತೂಕದ ಸುಮಾರು 1.4 ಪಟ್ಟು ಬಲ ಬೇಕು. ಹತ್ತು ಡಿಗ್ರಿಯ ವ್ಯತ್ಯಾಸ ಕಾಗದದಲ್ಲಿ ಸಣ್ಣದು, ಪದವಿನಲ್ಲಿ ಅದೇ ಎಲ್ಲ. ಮುಂದೆ ಏನು ಬದಲಾಯಿಸಿದರೂ ಈ ಹಲಗೆಯ ಮೇಲೆ ಮತ್ತೆ ಇಟ್ಟು ನೋಡಿ. ಗೆಳೆಯರ ಮಾತಿಗಿಂತ ಇದನ್ನು ನಂಬಬಹುದು.

ಈಗ ಆ ಎರಡು ಸಾಮಾನು. ಲೈಟ್ ಬಾರ್ ತೆಗೆಯಿರಿ. ಗಾಡಿಯ ಅತಿ ಎತ್ತರದ ಜಾಗದಲ್ಲಿ ತೂಕ ಇಡುವುದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ರಾತ್ರಿ ಓಡಿಸುವುದಿದ್ದರೆ ಲೈಟನ್ನು ಮುಂದಿನ ಬಂಪರಿಗೆ ಕಟ್ಟಿ. ಅಲ್ಯೂಮಿನಿಯಂ ಟವರ್ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಹೆಚ್ಚಿನವು ಪ್ಲಾಸ್ಟಿಕ್ಕಿನದ್ದಕ್ಕಿಂತ ಭಾರ, ಕೂರುವುದೂ ಮೇಲೆಯೇ. ಅದಲ್ಲದೆ ಬಿದ್ದಾಗ ಪ್ಲಾಸ್ಟಿಕ್ ಬಳುಕುತ್ತದೆ, ಅಲ್ಯೂಮಿನಿಯಂ ಬಗ್ಗಿ ಹಾಗೇ ನಿಲ್ಲುತ್ತದೆ. ಬಗ್ಗಿದ ಟವರ್ ಅಂದರೆ ಎಡಕ್ಕೊಂದು ಬಲಕ್ಕೊಂದು ಅಳತೆ. ಹಳೆಯ ಪ್ಲಾಸ್ಟಿಕ್ ಟವರ್ ಇದ್ದರೆ ಅದನ್ನೇ ವಾಪಸ್ ಹಾಕಿ. ಬಾಡಿ ಕೂರುವ ಕಂಬಗಳ ಪಿನ್ನನ್ನು ಒಂದು ತೂತು ಕೆಳಗೆ ಇಳಿಸಿ, ಟೈರು ಉಜ್ಜದಿದ್ದರೆ ಸಾಕು.

ಆಮೇಲೆ 3ಎಸ್ ಬ್ಯಾಟರಿ. 2ಎಸ್ ಅಂದರೆ 7.4 ವೋಲ್ಟ್, 3ಎಸ್ ಅಂದರೆ 11.1 ವೋಲ್ಟ್, ಒಂದೂವರೆ ಪಟ್ಟು. ಅದೇ ತಿರುವನ್ನು ಒಂದೂವರೆ ಪಟ್ಟು ವೇಗದಲ್ಲಿ ತೆಗೆದುಕೊಂಡರೆ ಹೊರಕ್ಕೆ ಎಳೆಯುವ ಬಲ ಒಂದೂವರೆ ಪಟ್ಟಲ್ಲ, 2.25 ಪಟ್ಟು. ಹಿಂದಿನ ಟೈರು ವೇಗಕ್ಕೆ ಉಬ್ಬಿ ಗಾಡಿ ಇನ್ನಷ್ಟು ಎತ್ತರ ಆಗುತ್ತದೆ, ಅದು ಬೇರೆ. ಸೆಟಪ್ ಹೊಂದಿಸುವಷ್ಟು ದಿನ 2ಎಸ್ ಹಾಕಿ. ಪದವಿನ ಸಣ್ಣ ಟ್ರ್ಯಾಕಿನಲ್ಲಿ 2ಎಸ್ ಹಾಕಿದವನು ಮಗುಚದೆ ಸುತ್ತು ಮುಗಿಸಿದರೆ 3ಎಸ್‌ನವನು ಅವನ ಹಿಂದೆಯೇ. ನಿಮ್ಮ ಗೆಳೆಯರು ನಗಬಹುದು, ಎರಡು ಸುತ್ತಿನ ತನಕ.

ಟೈರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿಯೇ ಎಲ್ಲರೂ ಎಡವುವುದು. ಮಗುಚುವ ಗಾಡಿಗೆ ಇನ್ನೂ ಒಳ್ಳೆ ಹಿಡಿತದ ಟೈರು ಹಾಕುತ್ತಾರೆ! ಉದ್ದ ಹಲ್ಲಿನ ಮೆತ್ತಗಿನ ಟೈರು ಸಡಿಲ ಮಣ್ಣಿಗೆ. ಮುರಕಲ್ಲಿನ ಮೇಲೆ ಆ ಹಲ್ಲು ಅಡ್ಡಕ್ಕೆ ಬಗ್ಗಿ ಕಲ್ಲಿನ ತೂತಿಗೆ ಸಿಕ್ಕಿ ಎಡವುತ್ತದೆ, ಬೇಗ ಸವೆಯುತ್ತದೆ ಕೂಡ. ಮುಂದಿನ ಚಕ್ರಕ್ಕೆ ಗಿಡ್ಡ ಹಲ್ಲಿನ, ಗಟ್ಟಿ ರಬ್ಬರಿನ ಟೈರು ಒಳ್ಳೆಯದು. ನಿಮ್ಮ ಹತ್ತಿರ ಅರ್ಧ ಸವೆದ ಹಳೆಯ ಟೈರು ಇದ್ದೇ ಇರುತ್ತದೆ ಅಲ್ವಾ? ಅದನ್ನೇ ಮುಂದಕ್ಕೆ ಹಾಕಿ. ಹಿಂದಕ್ಕೆ ಹೊಸ ಜೊತೆ. ಮುಂದೆ ಹಿಡಿತ ಕಡಿಮೆ, ಹಿಂದೆ ಜಾಸ್ತಿ ಆಯಿತು. ಮಗುಚುವುದನ್ನೂ ಹಿಂಭಾಗ ತಿರುಗುವುದನ್ನೂ ಒಟ್ಟಿಗೆ ಕಡಿಮೆ ಮಾಡುವ ಬದಲಾವಣೆ ಇದು. ಹಾಗಾಗಿ ಮೊದಲು ಇದನ್ನು ಮಾಡಿ.

ಅಷ್ಟಕ್ಕೂ ಮಗುಚಿದರೆ ಮುಂದಿನ ಟೈರಿನ ಹೊರ ಪಕ್ಕಕ್ಕೆ ಅಂಟು ಹಚ್ಚುವ ಉಪಾಯ ಇದೆ. ರೇಸ್ ಮಾಡುವವರು ಎಲ್ಲ ಕಡೆ ಮಾಡುತ್ತಾರೆ. ತಿರುವಿನಲ್ಲಿ ಟೈರಿನ ಪಕ್ಕ ಮಡಚಿಕೊಂಡು ನೆಲಕ್ಕೆ ತಾಗುತ್ತದೆ, ಹಿಡಿಯುತ್ತದೆ, ಗಾಡಿ ಎದ್ದುಬಿಡುತ್ತದೆ. ಒಣಗಿದ ಅಂಟು ಗಟ್ಟಿ, ಜಾರುತ್ತದೆ. ಟೈರಿನ ಪಕ್ಕವನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಫೆವಿಕ್ವಿಕ್ ಥರದ ಅಂಟಿನ ಒಂದೆರಡು ಹನಿ ಬಿಟ್ಟು ಕೂಡಲೇ ಪ್ಲಾಸ್ಟಿಕ್ ತುಂಡಿನಿಂದ ತೆಳ್ಳಗೆ ಹರಡಿ. ರಿಮ್ಮಿನ ಅಂಚಿನಿಂದ ಹಲ್ಲು ಶುರುವಾಗುವವರೆಗೆ ಮಾತ್ರ. ಹಲ್ಲಿಗೆ ತಾಗಬಾರದು. ಹೊರಗೆ ಗಾಳಿಯಲ್ಲಿ ಮಾಡಿ, ಅದರ ಹಬೆ ಕಣ್ಣು ಉರಿಸುತ್ತದೆ. ಒಂದು ಪದರ ಒಣಗಿದ ಮೇಲೆ ಓಡಿಸಿ ನೋಡಿ, ಬೇಕಾದರೆ ಇನ್ನೊಂದು. ಹಿಂದಿನ ಟೈರಿಗೆ ಸದ್ಯ ಬೇಡ.

ಹಾಗೇ ನಿಮ್ಮ ಭಾಗಕ್ಕೇ ಸೇರಿದ ಒಂದು ಮಾತು. ಅಡಿಕೆ ಸಿಪ್ಪೆಯ ನಾರು, ತೆಂಗಿನ ನಾರು ಹಿಂದಿನ ಆಕ್ಸಲಿಗೆ ಸುತ್ತಿಕೊಂಡು ಬೇರಿಂಗಿನ ಒಳಗೆ ಹೋಗುತ್ತದೆ. ಚಕ್ರ ಕಳಚಿ ಹೆಕ್ಸ್ (ಚಕ್ರ ಕೂರುವ ಆರು ಮೂಲೆಯ ತುಂಡು) ತೆಗೆದು ನೋಡಿ, ಚಿಮಟದಿಂದ ಎಳೆದರೆ ಉದ್ದಕ್ಕೆ ಬರುತ್ತದೆ. ಸೀಲ್ ಹೋಯಿತೆಂದರೆ ಕೆಂಪು ಧೂಳು ಒಳಗೆ ಸೇರಿ ಬೇರಿಂಗ್ ಸಡಿಲಾಗುತ್ತದೆ. ಹಿಂದಿನ ಚಕ್ರವನ್ನು ಬೆರಳಲ್ಲಿ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ. ಟಕ್ ಟಕ್ ಅನ್ನುತ್ತದೆಯಾ? ಹಾಗಿದ್ದರೆ ನಿಮ್ಮ ಹಿಂಭಾಗ ಜಾರುವುದಕ್ಕೆ ಅದೇ ಕಾರಣ ಇರಬಹುದು. ಈ ಥರದ ಟ್ರಕ್ಕುಗಳಲ್ಲಿ ಹಿಂದಿನ ಎರಡು ಚಕ್ರ ಒಳಮುಖವಾಗಿ ಸುಮಾರು 3 ಡಿಗ್ರಿ ತಿರುಗಿರುತ್ತವೆ, ಅದಕ್ಕೆ ಟೋ ಇನ್ ಅನ್ನುತ್ತಾರೆ. ಗಾಡಿ ನೇರ ಹೋಗುವುದು ಅದರಿಂದ. ಬೇರಿಂಗು, ಪಿನ್ನು ಸವೆದು ಸಡಿಲಾದರೆ ಆ 3 ಡಿಗ್ರಿ ಒಮ್ಮೆ ಇದೆ, ಒಮ್ಮೆ ಇಲ್ಲ.

ಸ್ಪ್ರಿಂಗಿಗೆ ಬರೋಣ. ಯಾವ ಕಡೆ ಸ್ಪ್ರಿಂಗ್ ಗಟ್ಟಿ ಮಾಡುತ್ತೀರೋ ಆ ಕಡೆಯ ಹಿಡಿತ ಕಡಿಮೆಯಾಗುತ್ತದೆ. ಹಿಂದೆ ಗಟ್ಟಿ ಹಾಕಿದ್ದಕ್ಕೆ ಹಿಂಭಾಗ ಇನ್ನೂ ಜಾಸ್ತಿ ಜಾರಿತು. ಹಿಂದೆ ಕಂಪನಿ ಕೊಟ್ಟ ಸ್ಪ್ರಿಂಗನ್ನೇ ವಾಪಸ್ ಹಾಕಿ. ಮುಂದೆ ಈಗಿನ ಗಟ್ಟಿಯದ್ದು ಇರಲಿ. ತಿರುಗುವುದು ಸ್ವಲ್ಪ ಮಂದ ಆಗುತ್ತದೆ, ಆಗಲಿ. ಗಾಡಿ ವಾಲುವುದನ್ನು ತಡೆಯಲು ಎಡ ಬಲದ ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರಿನ ಲೆಕ್ಕವೂ ಹೀಗೆಯೇ. ಆದರೆ ಉಬ್ಬು ತಗ್ಗಿನ ಪದವಿನಲ್ಲಿ ಅದು ಒಂದು ಚಕ್ರದ ಕುಲುಕಾಟವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ನಾನು ಹಾಕುವುದಿಲ್ಲ.

ಗಾಡಿಯ ಎತ್ತರ ಹೊಂದಿಸುವ ಕ್ರಮ: ತಯಾರಾದ ಟ್ರಕ್ಕನ್ನು 15 ಸೆಂ.ಮೀ. ಎತ್ತಿ ಸಮತಟ್ಟು ನೆಲಕ್ಕೆ ಬಿಡಿ, ಸ್ವಲ್ಪ ದೂಡಿ, ತಾನಾಗಿ ಕೂತುಕೊಳ್ಳಲಿ. ಆಮೇಲೆ ಚಾಸಿಯ ಅಡಿಯಿಂದ ನೆಲಕ್ಕೆ ಅಳೆಯಿರಿ. 28 ಮಿ.ಮೀ. ಆಸುಪಾಸಿನಿಂದ ಶುರು ಮಾಡಿ, ಮುಂದೆ ಹಿಂದೆ ಎರಡೂ ಒಂದೇ. ಶಾಕಿನ ಮೇಲಿನ ಕಾಲರ್ ತಿರುಗಿಸಿದರೆ, ಇಲ್ಲವೇ ಪ್ಲಾಸ್ಟಿಕ್ ಕ್ಲಿಪ್ ತೆಗೆದರೆ ಇಳಿಯುತ್ತದೆ. ಇನ್ನೂ ಇಳಿಸುವ ಆಸೆ ಆಗಬಹುದು. ಸಿಮೆಂಟಿನ ಅಂಗಳದಲ್ಲಾದರೆ ಇಳಿಸಿ. ಪದವಿನಲ್ಲಿ 25ಕ್ಕಿಂತ ಕೆಳಗೆ ಹೋದರೆ ಚಾಸಿ ಕಲ್ಲಿಗೆ ಹೊಡೆದು ಗಾಡಿ ಎಲ್ಲಿಗೋ ಹಾರುತ್ತದೆ.

ಎತ್ತರ ಎಲ್ಲರೂ ನೋಡುತ್ತಾರೆ, ಡ್ರೂಪ್ ಯಾರೂ ನೋಡುವುದಿಲ್ಲ. ನಿಂತ ಟ್ರಕ್ಕಿನ ಚಾಸಿಯನ್ನು ನಿಧಾನ ಎತ್ತಿ. ಚಕ್ರ ನೆಲ ಬಿಡುವ ಮೊದಲು ಚಾಸಿ ಎಷ್ಟು ಮೇಲೆ ಬರುತ್ತದೋ ಅದೇ ಡ್ರೂಪ್. ತಿರುವಿನಲ್ಲಿ ಒಳಗಿನ ಶಾಕುಗಳು ಉದ್ದ ಆಗುತ್ತಾ ಹೋಗುತ್ತವೆ, ಬಾಡಿ ಆ ಕಡೆಯಿಂದ ಏಳುತ್ತದೆ, ಭಾರಕೇಂದ್ರ ಇನ್ನೂ ಮೇಲೆ ಹೋಗುತ್ತದೆ. ಶಾಕ್ ಬಿಚ್ಚಿ ರಾಡಿನ ಮೇಲೆ, ಪಿಸ್ಟನ್ನಿನ ಕೆಳಗೆ, 2 ಮಿ.ಮೀ. ಪ್ಲಾಸ್ಟಿಕ್ ಸ್ಪೇಸರ್ ಹಾಕಿದರೆ ಅಷ್ಟು ಏಳುವುದು ತಪ್ಪುತ್ತದೆ. ಶಾಕ್ ಕೂತ ಜಾಗ ಚಕ್ರದಿಂದ ಒಳಗಿರುವ ಕಾರಣ ಚಕ್ರದಲ್ಲಿ ವ್ಯತ್ಯಾಸ 2 ಮಿ.ಮೀ.ಗಿಂತ ಜಾಸ್ತಿಯೇ ಕಾಣುತ್ತದೆ. ಅದಕ್ಕೆ ಒಂದೇ ಸಲ ದಪ್ಪದ್ದು ಹಾಕಬೇಡಿ, ಪೂರ್ತಿ ಕಟ್ಟಿದರೆ ತಗ್ಗಿನಲ್ಲಿ ಚಕ್ರ ನೆಲ ಮುಟ್ಟುವುದಿಲ್ಲ. ನಾಲ್ಕೂ ಶಾಕಿಗೆ ಹಾಕಿದ ಮೇಲೆ ಮತ್ತೆ ಆ ಹಲಗೆಯ ಪರೀಕ್ಷೆ ಮಾಡಿ, ಕೋನ ಏರಿರುವುದು ಕಾಣುತ್ತದೆ.

ಶಾಕ್ ಬಿಚ್ಚಿದ್ದೀರಲ್ಲ, ಎಣ್ಣೆಯನ್ನೂ ಬದಲಾಯಿಸಿ. ಬಾಟಲಿಯ ಮೇಲೆ ವೇಟ್ ಅಂತ ಬರೆದ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ಸಿಎಸ್‌ಟಿ (ಸೆಂಟಿಸ್ಟೋಕ್ಸ್, ಎಣ್ಣೆ ಎಷ್ಟು ದಪ್ಪ ಅನ್ನುವ ಅಳತೆ) ಸಂಖ್ಯೆ ನೋಡಿ ತೆಗೆದುಕೊಳ್ಳಿ. ಟೀಮ್ ಅಸೋಸಿಯೇಟೆಡ್‌ನ 30 ವೇಟ್ ಅಂದರೆ 350 ಸಿಎಸ್‌ಟಿ, 35 ಅಂದರೆ 425, 40 ಅಂದರೆ 500. ಬಿಸಿಗೆ ಎಣ್ಣೆ ತೆಳ್ಳಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಪದವಿನ ಕಲ್ಲು ಹೇಗೆ ಕಾದಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮುಂದೆ 425, ಹಿಂದೆ 350ರಿಂದ ಶುರು ಮಾಡಿ. ಹಾರಿ ಬಿದ್ದ ಮೇಲೆ ಗಾಡಿ ಮತ್ತೆ ಪುಟಿಯುತ್ತಿದ್ದರೆ ದಪ್ಪ ಮಾಡಿ. ಸಣ್ಣ ಉಬ್ಬುಗಳ ಮೇಲೆ ಟಪಟಪ ಅಂತ ಹಾರಾಡುತ್ತಿದ್ದರೆ ತೆಳು ಮಾಡಿ. ಎಣ್ಣೆ ತುಂಬಿದ ಮೇಲೆ ರಾಡನ್ನು ನಿಧಾನ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಪೂರ್ತಿ ಹೋಗುವ ತನಕ ಕಾಯಿರಿ. ಎಡ ಬಲದ ಶಾಕುಗಳನ್ನು ಎರಡೂ ಕೈಯಲ್ಲಿ ಹಿಡಿದು ಒಟ್ಟಿಗೆ ಒತ್ತಿದಾಗ ಒಂದೇ ಥರ ಅನಿಸಬೇಕು.

ಕ್ಯಾಂಬರ್ ನಾಲ್ಕೂ ಕಡೆ ಮೈನಸ್ 1 ಡಿಗ್ರಿ ಇಡಿ, ಅಂದರೆ ಚಕ್ರದ ಮೇಲ್ಭಾಗ ಅಷ್ಟು ಒಳಕ್ಕೆ ವಾಲಿರಲಿ, ಮುಂದಿನ ಟೋ ಸೊನ್ನೆ. ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಹಿಂಭಾಗ ತಿರುಗುವುದು. ಟೈರು, ಸ್ಪ್ರಿಂಗು, ಬೇರಿಂಗು ಸರಿ ಮಾಡಿದ ಮೇಲೂ ಉಳಿದರೆ ತಪ್ಪು ಥ್ರಾಟಲಿನಲ್ಲಿದೆ. ಥ್ರಾಟಲ್ ಮುಟ್ಟಿದರೆ ಸಾಕು, ಬ್ರಶ್‌ಲೆಸ್ ಮೋಟಾರು ಗಕ್ಕನೆ ಬಲ ಕೊಡುತ್ತದೆ. ಇಎಸ್‌ಸಿಯಲ್ಲಿ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಪಂಚ್ ಅಥವಾ ಸ್ಟಾರ್ಟ್ ಮೋಡ್ ಅಂತ ಇರುತ್ತದೆ, ಅದನ್ನು ಅತಿ ಕಡಿಮೆಗೆ ಇಳಿಸಿ. ರಿಮೋಟಿನಲ್ಲಿ ಸ್ಟಿಯರಿಂಗ್ ಡ್ಯುಯಲ್ ರೇಟ್ ಗುಂಡಿ ಇದೆಯಲ್ಲ, ಅದನ್ನು 100ರಿಂದ 75ಕ್ಕೆ ತನ್ನಿ. ಚಕ್ರ ಅಷ್ಟು ತಿರುಗದಿದ್ದರೆ ಅಷ್ಟು ಜೋರಾಗಿ ಕಚ್ಚುವುದೂ ಇಲ್ಲ. ಸ್ಲಿಪ್ಪರ್ ಕ್ಲಚ್ (ಬಲ ಜಾಸ್ತಿಯಾದಾಗ ಸ್ವಲ್ಪ ಜಾರಿ ಬಿಡುವ ಕ್ಲಚ್) ಇದ್ದರೆ ಅದರ ನಟ್ಟು ಪೂರ್ತಿ ಬಿಗಿದಿದೆಯಾ ನೋಡಿ. ಎಷ್ಟು ಸಡಿಲ ಇರಬೇಕು ಅಂತ ನಿಮ್ಮ ಟ್ರಕ್ಕಿನ ಮ್ಯಾನುವಲ್ಲಿನಲ್ಲಿ ಇರುತ್ತದೆ, ಅಷ್ಟೇ ಬಿಡಿ. ಬ್ಯಾಟರಿ ಟ್ರೇಯಲ್ಲಿ ಜಾಗ ಇದ್ದರೆ ಸ್ಪಂಜಿನ ತುಂಡನ್ನು ಮುಂದಕ್ಕೆ ಹಾಕಿ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ, ಹಿಂದಿನ ಚಕ್ರಕ್ಕೆ ಭಾರ ಸಿಗುತ್ತದೆ.

ಬ್ರೇಕ್ ಎಲ್ಲ ತಿರುವಿಗೆ ಮೊದಲೇ ಮುಗಿಸಿ. ತಿರುವಿನ ನಡುವೆ ಬ್ರೇಕ್ ಹಾಕಿದರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತದೆ, ತಿರುಗಿಯೇ ತಿರುಗುತ್ತದೆ. ಒಳಗಿನ ಚಕ್ರ ಏಳುವುದು ಕಂಡರೆ ಸ್ಟಿಯರಿಂಗನ್ನು ಕೂಡಲೇ ನೇರ ಮಾಡಿ. ದಾರಿ ತಪ್ಪಿದರೂ ಪರವಾಗಿಲ್ಲ, ಮಗುಚುವುದಿಲ್ಲ.

ಗೈರೋ ಹಾಕಬಹುದಾ ಅಂತ ಕೇಳುವವರು ತುಂಬಾ ಇದ್ದಾರೆ. ಟ್ರಾಕ್ಸಸ್‌ನ ಕೆಲವು ಗಾಡಿಗಳಲ್ಲಿ ಟಿಎಸ್ಎಂ ಅಂತ ಕಂಪನಿಯಿಂದಲೇ ಬರುತ್ತದೆ. ಹಿಂಭಾಗ ಜಾರಿದರೆ ಅದೇ ಸ್ಟಿಯರಿಂಗನ್ನು ತಿದ್ದುತ್ತದೆ, ನೇರ ಓಡಿಸಲು ಸುಖ. ಆದರೆ ಮಗುಚುವುದನ್ನು ಅದು ತಡೆಯುವುದಿಲ್ಲ. ರೇಸ್ ಮಾಡುವುದಿದ್ದರೆ ಅದರ ಅಭ್ಯಾಸ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮೂಗು ಕೆಳಗಾಗಿ ಬೀಳುವುದಕ್ಕೆ ಸೆಟಪ್‌ಗಿಂತ ಬೆರಳು ಕಾರಣ. ಹಲಗೆಯ ತುದಿಗೆ ಬಂದಾಗ ಹೆದರಿ ಥ್ರಾಟಲ್ ಬಿಡುತ್ತೀರಿ, ಅಲ್ವಾ? ಗಾಳಿಯಲ್ಲಿ ಗಾಡಿಗೆ ಆಧಾರ ಅಂತ ಏನೂ ಇಲ್ಲ. ಚಕ್ರದ ವೇಗ ಏರಿದರೆ ಅದರ ಪ್ರತಿಯಾಗಿ ಬಾಡಿ ಹಿಂದಕ್ಕೆ ತಿರುಗಿ ಮೂಗು ಏಳುತ್ತದೆ. ಬ್ರೇಕ್ ಹಾಕಿ ಚಕ್ರ ನಿಲ್ಲಿಸಿದರೆ ಮೂಗು ಇಳಿಯುತ್ತದೆ. ಡ್ರ್ಯಾಗ್ ಬ್ರೇಕ್ ಜಾಸ್ತಿ ಇಟ್ಟಿದ್ದರೆ ಥ್ರಾಟಲ್ ಬಿಟ್ಟದ್ದೇ ಬ್ರೇಕ್ ಆಗುತ್ತದೆ, ಅದನ್ನು ಸೊನ್ನೆ ಮಾಡಿ. ಹಲಗೆ ಏರುವಾಗ ಥ್ರಾಟಲ್ ಒಂದೇ ಸಮ ಇರಲಿ, ತುದಿ ದಾಟುವ ತನಕ ಬಿಡಬೇಡಿ. ಮೂಗು ಇಳಿಯುತ್ತಿದ್ದರೆ ಗಾಳಿಯಲ್ಲೇ ಒಂದು ಸಣ್ಣ ಒತ್ತು, ಮೇಲಾಗುತ್ತಿದ್ದರೆ ಬ್ರೇಕಿನ ಒಂದು ತಟ್ಟು.

ಇದಕ್ಕೆ ಉಲ್ಟಾ ತೊಂದರೆಯೂ ಬರುತ್ತದೆ. ಶಾರ್ಟ್ ಕೋರ್ಸ್ ಬಾಡಿ ದೊಡ್ಡದು, ಹಾರಿದಾಗ ಗಾಳಿ ಒಳಗೆ ತುಂಬಿ ಮೂಗನ್ನು ಎತ್ತಿಬಿಡುತ್ತದೆ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಬೀಸುವ ಹೊತ್ತಿಗೆ, ಪಡುವಣಕ್ಕೆ ಮುಖ ಮಾಡಿ ಹಾರಿಸಿದರೆ ನಿಮಗೇ ಗೊತ್ತಾಗುತ್ತದೆ. ಬಾಡಿಯ ಹಿಂದಿನ ಗಾಜಿನ ಜಾಗ, ಹಿಂದಿನ ಚಕ್ರದ ಹಿಂಬದಿ, ಇಷ್ಟನ್ನು ಕತ್ತರಿಸಿ ಗಾಳಿಗೆ ದಾರಿ ಮಾಡಿ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪಾಗಿ ಬಿಟ್ಟರೆ ಅಲ್ಲಿಂದಲೇ ಸೀಳುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಐದಾರು ಸುತ್ತು ಓಡಿಸಿ, ಬರೆದಿಡಿ. ಆಮೇಲೆಯೂ ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಎರಡು ಬಾಟಲಿ ಶಾಕ್ ಎಣ್ಣೆ, ಹಿಂದಿನ ಒಂದು ಜೊತೆ ಟೈರು, ಒಂದು ಸೆಟ್ ಬೇರಿಂಗ್ ತರಿಸಿ.

ಇದೆಲ್ಲ ಬೇಸಿಗೆಯ ಪದವಿಗೆ ಹೇಳಿದ್ದು. ಜೂನಿನಲ್ಲಿ ಮಳೆ ಹಿಡಿದು ಕಲ್ಲಿನ ಮೇಲೆ ಪಾಚಿ ಬಂದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಆಗ ಮಗುಚುವ ಮಾತೇ ಇಲ್ಲ, ಬರೀ ಜಾರಾಟ. ಅಂಟು ಹಚ್ಚದ, ಉದ್ದ ಹಲ್ಲಿನ ಮೆತ್ತಗಿನ ಟೈರನ್ನು ಮುಂದಕ್ಕೂ ಹಾಕಿ, ಮುಂದಿನ ಸ್ಪ್ರಿಂಗೂ ಮೆತ್ತಗಿನದ್ದಾಗಲಿ. ರಿಮ್ಮಿನ ತೂತಿನಿಂದ ನೀರು ಹೋಗಿ ಒಳಗಿನ ಸ್ಪಂಜು ನೆನೆದರೆ ಚಕ್ರ ಭಾರವಾಗಿ ಗಾಡಿ ಗಡಗಡ ನಡುಗುತ್ತದೆ. ರಿಮ್ಮಿನ ತೂತಿಗೆ ಟೇಪ್ ಅಂಟಿಸಿ, ಟೈರಿನ ಹಲ್ಲುಗಳ ನಡುವೆ ಎದುರುಬದುರಾಗಿ ಎರಡು ಸಣ್ಣ ತೂತು ಮಾಡಿ. ತಿರುಗುವಾಗ ನೀರು ಅಲ್ಲಿಂದ ಹೊರಗೆ ಹೋಗುತ್ತದೆ.